‘ಸಂಘದ ಸಾಲ’ ಎಂದರೆ ಯಾವ ಸಂಘ?

ಜುಮಾ ನಮಾಝ್ ಮುಗಿದು ಜನ ಚದುರುತ್ತಿದ್ದರು. ಆಟೋ ಓಡಿಸುವ ಒಬ್ಬ ಯುವಕ ಇಮಾಮರ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಹಜ್ರತ್, ಅಮ್ಮಿ ಮತ್ತು ನನ್ನ ಹೆಂಡತಿ ಇಬ್ಬರೂ ಸಂಘದಲ್ಲಿ ಸಾಲ ತೆಗೆದಿದ್ದಾರೆ. ವಾರಕ್ಕೆ ಮೂರು ಕಂತು. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಮಾಡುತ್ತಿದ್ದೇವೆ. ಬಡ್ಡಿ ಹರಾಮ್ ಎಂದು ಈಗ ತಾನೇ ಖುತ್ಬಾದಲ್ಲಿ ಕೇಳಿದೆ. ನಾಳೆಯಿಂದ ಕಂತು ಕಟ್ಟುವುದನ್ನೇ ನಿಲ್ಲಿಸಿಬಿಡಲೇ?”

ಇಮಾಮರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. “ಯಾವ ಸಂಘ, ಮಗಾ?” ಎಂದು ಕೇಳಿದರು.

ಯುವಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಸಂಘ ಅಂದರೆ ಸಂಘವೇ ಹಜ್ರತ್. ವಾರಕ್ಕೊಮ್ಮೆ ಹೆಂಗಸರು ಸೇರುತ್ತಾರೆ, ದುಡ್ಡು ಕಟ್ಟುತ್ತಾರೆ.”

ನಮ್ಮ ಎಷ್ಟೋ ಮನೆಗಳ ಕಷ್ಟ ಶುರುವಾಗುವುದು ಇಲ್ಲಿಂದಲೇ. ಇಂದು ಕರ್ನಾಟಕದ ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ‘ಸಂಘ’ ಎಂಬ ಒಂದೇ ಪದ ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ಬಳಕೆಯಾಗುತ್ತಿದೆ. ಒಂದು, ಬಡವರು ತಾವೇ ಕೂಡಿಸಿದ ಹಣದಿಂದ ನಡೆಸುವ ಸ್ವಸಹಾಯ ಗುಂಪು. ಇನ್ನೊಂದು, ಸಾಲ ಕೊಡುವ ಕಂಪನಿಯೊಂದು ತನ್ನ ವಸೂಲಿಯ ಅನುಕೂಲಕ್ಕಾಗಿ ಕಟ್ಟಿದ ಗುಂಪು. ಎರಡರಲ್ಲೂ ಹೆಂಗಸರೇ ಸೇರುತ್ತಾರೆ, ಎರಡರಲ್ಲೂ ವಾರದ ಸಭೆ ಇದೆ, ಪುಸ್ತಕ ಇದೆ. ಆದರೆ ಹಣ ಯಾರದು, ತೀರ್ಮಾನ ಯಾರದು, ಉಳಿದದ್ದು ಯಾರ ಕೈ ಸೇರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ವ್ಯತ್ಯಾಸ ಕಾಣುತ್ತದೆ. ಈ ವ್ಯತ್ಯಾಸ ತಿಳಿಯಲು ಸ್ವಸಹಾಯ ಗುಂಪು ಹುಟ್ಟಿದ ಕಥೆಯನ್ನು ತಿಳಿಯಬೇಕು. ಅದು ನಮ್ಮ ನಾಡಿನದೇ ಕಥೆ.

ಮುರಿದ ಸಹಕಾರ ಸಂಘ ಕಲಿಸಿದ ಪಾಠ

1968ರಲ್ಲಿ ಬೆಂಗಳೂರಿನಲ್ಲಿ ‘ಮೈರಾಡ’ ಎಂಬ ಸ್ವಯಂಸೇವಾ ಸಂಸ್ಥೆ ಆರಂಭವಾಯಿತು. ಆಗ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿತ್ತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಂದ ಈ ಹೆಸರು ಬಂತು. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಇಲ್ಲಿ ನೆಲೆ ಕಲ್ಪಿಸುವ ಕೆಲಸಕ್ಕೆ ನೆರವಾಗುವುದು ಅದರ ಮೊದಲ ಉದ್ದೇಶವಾಗಿತ್ತು. ಮುಂದೆ, 1980ರ ದಶಕದಲ್ಲಿ, ಅದು ಹಳ್ಳಿಯ ಬಡವರ ಕಡೆಗೆ ಪೂರ್ತಿಯಾಗಿ ಹೊರಳಿತು. ಹೆಗ್ಗಡದೇವನಕೋಟೆ, ಕೋಲಾರ ಜಿಲ್ಲೆಯ ಕಾಮಸಮುದ್ರ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಗಡಿಯಾಚೆಯ ತಾಳವಾಡಿ ಮುಂತಾದ ಕಡೆ ಅದರ ಯೋಜನೆಗಳು ನಡೆದವು. ಆ ವರ್ಷಗಳಲ್ಲಿ ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದವರು ಅಲೋಶಿಯಸ್ ಫೆರ್ನಾಂಡಿಸ್.

ಮೊದಲು ಮೈರಾಡವೂ ಎಲ್ಲರಂತೆ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. ಊರಿನ ಎಲ್ಲರೂ ಸದಸ್ಯರು, ಒಬ್ಬ ಅಧ್ಯಕ್ಷ, ಒಂದು ಲೆಕ್ಕ. ಕೆಲವೇ ವರ್ಷಗಳಲ್ಲಿ ಅವು ಸೊರಗಿದವು. ಊರಿನ ಬಲಾಢ್ಯರ ಕೈಗೆ ಸಂಘ ಹೋಯಿತು. ಬಡ ಸದಸ್ಯರಿಗೆ ಅದರ ಮೇಲೆ ವಿಶ್ವಾಸ ಉಳಿಯಲಿಲ್ಲ.

1984-85ರ ಸುಮಾರಿಗೆ ಒಂದು ಸ್ವಾರಸ್ಯದ ಸಂಗತಿ ನಡೆಯಿತು. ಸದಸ್ಯರು ಸಣ್ಣ ಸಣ್ಣ ಗುಂಪುಗಳಲ್ಲಿ ಸಂಸ್ಥೆಯ ಕಾರ್ಯಕರ್ತರ ಬಳಿ ಬಂದರು. ಸಾಲ ತೀರಿಸಲು ಸಿದ್ಧರಿದ್ದೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ ಎಂದರು. ಕಾರ್ಯಕರ್ತರು ಹಣ ತೆಗೆದುಕೊಳ್ಳಲಿಲ್ಲ. ನಮಗೇಕೆ, ನಿಮ್ಮ ಈ ಸಣ್ಣ ಗುಂಪಿಗೇ ಕಟ್ಟಿಕೊಳ್ಳಿ, ನಿಮ್ಮೊಳಗೆ ಯಾರಿಗೆ ಅಗತ್ಯವಿದೆಯೋ ಅವರಿಗೆ ನೀವೇ ಕೊಡಿ ಎಂದರು. ಸ್ವಸಹಾಯ ಗುಂಪಿನ ಬೀಜ ಬಿದ್ದದ್ದು ಹೀಗೆ.

ಆ ಸಣ್ಣ ಗುಂಪುಗಳನ್ನು ಹಿಡಿದಿಟ್ಟದ್ದು ಏನು ಎಂದು ಮೈರಾಡ ಗಮನಿಸಿತು. ಅದು ಸದಸ್ಯರ ನಡುವೆ ಮೊದಲೇ ಇದ್ದ ಪರಸ್ಪರ ನಂಬಿಕೆ. ಒಂದೇ ಕಸುಬು ಮಾಡುವವರು, ಒಂದೇ ಊರಿನಿಂದ ಬಂದವರು, ಕಷ್ಟಕ್ಕೆ ಒಬ್ಬರಿಗೊಬ್ಬರು ಆದವರು ತಾವಾಗಿಯೇ ಒಟ್ಟಿಗೆ ಬಂದಿದ್ದರು. ಹೊರಗಿನವರು ಪಟ್ಟಿ ಬರೆದು ಕಟ್ಟಿದ ಗುಂಪು ಅದಾಗಿರಲಿಲ್ಲ. ಮೈರಾಡ ಇವನ್ನು ಕೇವಲ ಸ್ವಸಹಾಯ ಗುಂಪು ಎನ್ನದೆ ‘ಬಾಂಧವ್ಯದ ಗುಂಪು’ ಎಂಬ ಅರ್ಥ ಬರುವ ಹೆಸರಿನಿಂದ ಕರೆಯಲು ಕಾರಣ ಇದೇ. ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಜನ ಬೇಡ ಎಂಬ ನಿಯಮವೂ ಬಂತು. ಎಲ್ಲರೂ ಎಲ್ಲರ ಮನೆಯ ಸ್ಥಿತಿ ಬಲ್ಲವರಾಗಿರಬೇಕು.

ಗುಂಪು ನಡೆಯುವುದು ಹೇಗೆ?

ಒಂದು ಗುಂಪಿನಲ್ಲಿ 15 ಮಹಿಳೆಯರು ಇದ್ದಾರೆ ಎಂದುಕೊಳ್ಳೋಣ. ಪ್ರತಿ ವಾರ ಒಬ್ಬೊಬ್ಬರು 20 ರೂಪಾಯಿ ಉಳಿತಾಯ ಮಾಡುತ್ತಾರೆ. ವಾರಕ್ಕೆ 300 ರೂಪಾಯಿ. ವರ್ಷದ 52 ವಾರಕ್ಕೆ 15,600 ರೂಪಾಯಿ. ಒಬ್ಬಾಕೆಗೆ 20 ರೂಪಾಯಿ ಒಂದು ಪುಡಿ ಕಾಸು. ಆದರೆ ಕೂಡಿದಾಗ ಅದು ಒಬ್ಬರ ಮಗುವಿನ ಶಾಲಾ ಶುಲ್ಕವಾಗುತ್ತದೆ, ಇನ್ನೊಬ್ಬರ ಹೊಲಿಗೆ ಯಂತ್ರವಾಗುತ್ತದೆ.

ಗುಂಪಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆಯುತ್ತಾರೆ. ಸಭೆಯಲ್ಲಿ ಯಾರಿಗೆ ಹಣ ಬೇಕು ಎಂದು ಕೇಳುತ್ತಾರೆ. ಏಕೆ ಬೇಕು, ಎಷ್ಟು ಬೇಕು, ಹೇಗೆ ತೀರಿಸುತ್ತೀ ಎಂಬುದು ಎಲ್ಲರ ಎದುರು ಚರ್ಚೆಯಾಗುತ್ತದೆ. ಇಬ್ಬರು ಕೇಳಿದರೆ ಯಾರದು ಹೆಚ್ಚು ತುರ್ತು ಎಂದು ಗುಂಪೇ ತೀರ್ಮಾನಿಸುತ್ತದೆ. ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕುತ್ತಾರೆ.

ಇಂದು ಇದನ್ನು ‘ಪಂಚಸೂತ್ರ’ ಎಂದು ಕರೆಯುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೊಳಗೆ ಸಾಲ ವಿತರಣೆ, ತಪ್ಪದ ಮರುಪಾವತಿ, ಸರಿಯಾದ ಲೆಕ್ಕಪತ್ರ. ಸಾಲ ಇಲ್ಲಿ ಮೊದಲನೆಯದಲ್ಲ ಎಂಬುದನ್ನು ಗಮನಿಸಿ. ಸಭೆ ಮತ್ತು ಉಳಿತಾಯ ಮೊದಲು ಬರುತ್ತವೆ. ತಿಂಗಳುಗಟ್ಟಲೆ ಕೂತು ಮಾತಾಡಿ, ಒಬ್ಬರ ಸ್ವಭಾವ ಒಬ್ಬರಿಗೆ ತಿಳಿದ ಮೇಲೆ ಹಣ ಕೈ ಬದಲಾಗುತ್ತದೆ.

ಲೆಕ್ಕ ಬರೆಯುವ ವಿಷಯದಲ್ಲಿ ನಮಗೆ ಹೊರಗಿನ ಪಾಠ ಬೇಕಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಸಾಲದ ಕುರಿತೇ ಇದೆ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಅವಧಿಯ ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು ಎಂದು ಕಲಿಸುತ್ತದೆ. ನಮ್ಮ ಮನೆಗಳಲ್ಲಿ ಕೈಸಾಲದಿಂದ ಅಣ್ಣ ತಮ್ಮಂದಿರ ಮಾತು ನಿಂತಿರುವುದಕ್ಕೆ ಈ ಆಜ್ಞೆಯ ಉಲ್ಲಂಘನೆಯೇ ಬಹುಪಾಲು ಕಾರಣ.

ಬ್ಯಾಂಕಿನ ಬಾಗಿಲು ತೆರೆದದ್ದು

1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪುಗಳಿಗೆ ತರಬೇತಿ ಕೊಡುವುದು, ಅವುಗಳ ಉಳಿತಾಯಕ್ಕೆ ಸಮನಾದ ಮೊತ್ತ ಸೇರಿಸಿ ಪ್ರಯೋಗ ಮಾಡುವುದು ಅದರ ಉದ್ದೇಶವಾಗಿತ್ತು. ಆ ಪ್ರಯೋಗದ ಫಲ ನೋಡಿಯೇ 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು.

ಅದರ ಹೊಸತನ ಮೂರು ವಿಷಯಗಳಲ್ಲಿತ್ತು. ನೋಂದಣಿ ಆಗದ ಗುಂಪಿಗೂ ಬ್ಯಾಂಕ್ ಸಾಲ ಕೊಡಬಹುದು. ಒತ್ತೆ ಇಡಬೇಕಿಲ್ಲ. ಸಾಲದ ಉದ್ದೇಶವನ್ನು ಬ್ಯಾಂಕ್ ಹೇಳುವುದಿಲ್ಲ, ಗುಂಪು ತೀರ್ಮಾನಿಸುತ್ತದೆ. ಗುಂಪಿನ ಉಳಿತಾಯದ ನಾಲ್ಕು ಪಟ್ಟಿನವರೆಗೆ ಸಾಲ ಸಿಗುವ ವಾಡಿಕೆ ಬೆಳೆಯಿತು. ನಮ್ಮ ಉದಾಹರಣೆಯ ಗುಂಪಿನ 15,600 ರೂಪಾಯಿಗೆ 62,400 ರೂಪಾಯಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಕೂಲಿ ಹೆಂಗಸಿಗೆ ಮ್ಯಾನೇಜರ್ ಕುರ್ಚಿ ತೋರಿಸಿ ಕೂರಿ ಎನ್ನುವಂತಾದದ್ದು ಇದರ ನಂತರವೇ.

ಕರ್ನಾಟಕ ಸರಕಾರ 2000-01ರಲ್ಲಿ ‘ಸ್ತ್ರೀಶಕ್ತಿ’ ಯೋಜನೆ ತಂದಾಗ ಇದೇ ಮಾದರಿ ಅಂಗನವಾಡಿಗಳ ಮೂಲಕ ಹಳ್ಳಿ ಹಳ್ಳಿಗೆ ಹೋಯಿತು. ಈಗ ‘ಸಂಜೀವಿನಿ’ ಹೆಸರಿನ ಒಕ್ಕೂಟಗಳಿವೆ. ದೇಶದಲ್ಲಿ ಇಂದು ಒಂದು ಕೋಟಿಗೂ ಹೆಚ್ಚು ಸ್ವಸಹಾಯ ಗುಂಪುಗಳು ಬ್ಯಾಂಕಿನಲ್ಲಿ ಉಳಿತಾಯ ಖಾತೆ ಹೊಂದಿವೆ. ಮೈರಾಡ ಹುಟ್ಟುಹಾಕಿದ ‘ಸಂಘಮಿತ್ರ’ ಎಂಬ ಲಾಭರಹಿತ ಕಂಪನಿ, ವ್ಯಕ್ತಿಗಳಿಗಲ್ಲ, ಗುಂಪುಗಳಿಗೆ ಸಾಲ ಕೊಡುವ ಪದ್ಧತಿಯನ್ನು ಉಳಿಸಿಕೊಂಡು ಬಂದಿತು.

ಇನ್ನೊಂದು ಸಂಘ

ಎರಡನೆಯ ವ್ಯವಸ್ಥೆಯ ಮೂಲ ಬಾಂಗ್ಲಾದೇಶದಲ್ಲಿದೆ. 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಅವರು ಚಿತ್ತಗಾಂಗ್ ಬಳಿಯ ಜೋಬ್ರಾ ಗ್ರಾಮದಲ್ಲಿ 42 ಮಂದಿಗೆ ಒಟ್ಟು 27 ಡಾಲರ್‌ನಷ್ಟು ಹಣವನ್ನು ತಮ್ಮ ಜೇಬಿನಿಂದ ಸಾಲ ಕೊಟ್ಟರು. ಅದೇ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಐದು ಮಂದಿಯ ಗುಂಪು, ವಾರದ ಕಂತು, ಒಬ್ಬರಿಗೆ ಇನ್ನೊಬ್ಬರ ಒತ್ತಾಸೆ ಎಂಬುದು ಅದರ ಪದ್ಧತಿ.

ನಮ್ಮಲ್ಲಿ ಅನೇಕ ಕಂಪನಿಗಳು ಈ ಪದ್ಧತಿಯ ಹೊರ ರೂಪವನ್ನು ತೆಗೆದುಕೊಂಡವು. ಇಲ್ಲಿ ಉಳಿತಾಯ ಇಲ್ಲ. ಹಣ ಕಂಪನಿಯದು, ಬಡ್ಡಿಯ ದರ ಕಂಪನಿಯದು, ಲಾಭವೂ ಕಂಪನಿಯದು. ಗುಂಪಿನ ಹೆಂಗಸರ ಪಾಲಿಗೆ ಉಳಿಯುವುದು ಜಾಮೀನು ಮಾತ್ರ. ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಸಭೆ ಮುಗಿಯುವ ತನಕ ಯಾರೂ ಏಳುವಂತಿಲ್ಲ. ನೆರೆಹೊರೆಯ ಬಾಂಧವ್ಯವೇ ವಸೂಲಿಯ ಸಾಧನವಾಗುತ್ತದೆ. ಮೈರಾಡದ ಗುಂಪಿನಲ್ಲಿ ನಂಬಿಕೆಯಿಂದ ಸಾಲ ಹುಟ್ಟಿತು. ಇಲ್ಲಿ ಸಾಲದಿಂದಾಗಿ ಇದ್ದ ನಂಬಿಕೆಯೂ ಮುರಿಯುತ್ತದೆ.

ಎಲ್ಲ ಕಂಪನಿಗಳೂ ಕೆಟ್ಟವು ಎಂದು ಇದರ ಅರ್ಥವಲ್ಲ. ‘ಮೀಟರ್ ಬಡ್ಡಿ’ಗೆ, ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿಯಂತೆ ಬಡ್ಡಿ ಮುರಿದುಕೊಂಡು ಕೊಡುವ ಲೇವಾದೇವಿಗಾರನಿಗೆ ಹೋಲಿಸಿದರೆ ಇವು ಅಗ್ಗ. ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ ಶೇ. 120! ಆದರೆ ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಾಲ್ಕು ಕಡೆ ಸಾಲ ತೆಗೆದ ಮನೆಗೆ ದರ ಎಷ್ಟಿದ್ದರೇನು?

ಕೋಲಾರ, 2009

ಆಟೋ ಯುವಕನ ಪ್ರಶ್ನೆ ಹೊಸದಲ್ಲ. ಅದನ್ನು ನಮ್ಮ ಸಮುದಾಯ ಒಮ್ಮೆ ಎದುರಿಸಿದೆ.

ಕೋಲಾರ, ಶಿಡ್ಲಘಟ್ಟ, ರಾಮನಗರ ರೇಷ್ಮೆಯ ಊರುಗಳು. ನೂಲು ಬಿಚ್ಚುವ ರೀಲರ್‌ಗಳಲ್ಲಿ, ಅಲ್ಲಿ ಕೂಲಿ ಮಾಡುವವರಲ್ಲಿ ಮುಸ್ಲಿಮರೇ ಹೆಚ್ಚು. ರೀಲರ್‌ಗೆ ಗೂಡು ಕೊಳ್ಳಲು ಬೆಳಿಗ್ಗೆ ಮಾರುಕಟ್ಟೆಗೆ ಹೋಗುವಾಗ ಕೈಯಲ್ಲಿ ಹಣ ಬೇಕು. ಆ ಹಣ ಮರಳುವುದು ನೂಲು ಮಾರಿದ ಮೇಲೆ. ಈ ನಡುವಿನ ಕೊರತೆ ತುಂಬಲು ಮೈಕ್ರೋಫೈನಾನ್ಸ್ ಸಾಲ ಹೇಳಿ ಮಾಡಿಸಿದಂತೆ ಬಂತು. ಕಂಪನಿಗಳು ಒಂದರ ಹಿಂದೊಂದು ಬಂದವು. ಯಾರಿಗೆ ಎಲ್ಲೆಲ್ಲಿ ಸಾಲವಿದೆ ಎಂದು ನೋಡುವ ವ್ಯವಸ್ಥೆ ಆಗ ಇರಲಿಲ್ಲ. ಒಂದೇ ಬೀದಿಯಲ್ಲಿ ಒಬ್ಬಾಕೆಗೇ ಹಲವು ಸಾಲ. ಅದೇ ಹೊತ್ತಿಗೆ ರೇಷ್ಮೆಯ ಕಸುಬು ಕುಸಿಯಿತು.

2009ರ ಆರಂಭದಲ್ಲಿ ಕೋಲಾರದಲ್ಲಿ ಸ್ಥಳೀಯ ಸಮುದಾಯ ಸಂಸ್ಥೆಯು ಮುಸ್ಲಿಮ್ ಮಹಿಳೆಯರು ಈ ಕಂಪನಿಗಳ ವ್ಯವಹಾರದಿಂದ ಹೊರಬರಬೇಕು, ಕಂತು ಕಟ್ಟಬಾರದು ಎಂದು ಹೇಳಿತು. ರಾಮನಗರ, ಶಿಡ್ಲಘಟ್ಟ, ಮೈಸೂರುಗಳಲ್ಲೂ ಇದೇ ಬಗೆಯ ಕರೆ ಹೊರಟಿತು. ಮಹಿಳೆಯರನ್ನು ಸಾಲ ವಸೂಲಿಗಾರರು ಬೀದಿಯಲ್ಲಿ ನಿಲ್ಲಿಸಿ ಮಾತಾಡುವುದು, ಬಡ್ಡಿ, ಮನೆಮನೆಯ ಜಗಳ ಇವೆಲ್ಲ ಆ ಸಿಟ್ಟಿನ ಹಿಂದೆ ಇದ್ದವು. ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಆದರೆ ಮುಂದೇನಾಯಿತು? ಕಂಪನಿಗಳು ಆ ಊರುಗಳಲ್ಲಿ ಹೊಸ ಸಾಲ ಕೊಡುವುದನ್ನು ನಿಲ್ಲಿಸಿದವು. ಕಟ್ಟಲು ಶಕ್ತಿ ಇದ್ದವರಿಗೂ ಮುಂದಿನ ಸಾಲ ಸಿಗಲಿಲ್ಲ. ಬೆಳಿಗ್ಗೆ ಗೂಡು ಕೊಳ್ಳಲು ಹಣ ಬೇಕೇ ಬೇಕಿತ್ತು. ಎಷ್ಟೋ ಕುಟುಂಬಗಳು ಹಳೆಯ ಲೇವಾದೇವಿಯ ಬಾಗಿಲಿಗೇ ಹೋದವು. ಬೇಡ ಎನ್ನುವುದು ಸುಲಭವಿತ್ತು. ಬದಲಿಗೆ ಏನು ಎಂಬುದನ್ನು ಯಾರೂ ಸಿದ್ಧ ಮಾಡಿಟ್ಟಿರಲಿಲ್ಲ.

ಮರುವರ್ಷ, 2010ರಲ್ಲಿ, ಆಂಧ್ರಪ್ರದೇಶದಲ್ಲಿ ಇನ್ನೂ ದೊಡ್ಡ ಬಿಕ್ಕಟ್ಟು ಎದ್ದಿತು. ಅಲ್ಲಿನ ಸರಕಾರ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೇಗಾಂ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆ ಬಳಿಕ ನಿಯಮಗಳು ಬಿಗಿಯಾದವು.

ಸಾಲವೊಂದೇ ಮದ್ದಲ್ಲ

ಸಣ್ಣ ಸಾಲ ಕೊಟ್ಟರೆ ಬಡತನ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಹೈದರಾಬಾದಿನ 104 ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಬಡಾವಣೆಗಳಲ್ಲಿ ಮೊದಲು ಸಾಲದ ಶಾಖೆ ತೆರೆಯಿತು, ಉಳಿದ ಕಡೆ ತೆರೆಯಲಿಲ್ಲ. ಎರಡನ್ನೂ ಹೋಲಿಸಿದಾಗ, ಮೊದಲೇ ವ್ಯಾಪಾರ ಇದ್ದವರು ಅದನ್ನು ಸ್ವಲ್ಪ ಬೆಳೆಸಿದ್ದರು. ಆದರೆ ಸರಾಸರಿ ಮನೆಯ ಒಟ್ಟು ಖರ್ಚಿನ ಮಟ್ಟ, ಮಕ್ಕಳ ಓದು, ಆರೋಗ್ಯ ಇವುಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಇದರ ಅರ್ಥ ಸರಳ. ಕಸುಬು ಇರುವವನಿಗೆ ಸಾಲ ಬಲ ಕೊಡುತ್ತದೆ. ಕಸುಬೇ ಇಲ್ಲದವನಿಗೆ ಸಾಲ ಇನ್ನೊಂದು ಹೊರೆ. ಬೀಡಿ ಕಟ್ಟುವ ತಾಯಿ ಸಾಲ ತೆಗೆದು ಆಸ್ಪತ್ರೆ ಬಿಲ್ಲು ಕಟ್ಟಿದರೆ ಆ ಹಣ ದುಡಿದು ಮರಳುವುದಿಲ್ಲ. ಆಕೆಗೆ ಬೇಕಾದದ್ದು ಸಾಲವಲ್ಲ, ನೆರವು. ಮೈರಾಡದಂಥ ಸಂಸ್ಥೆಗಳು ಗುಂಪುಗಳ ಜೊತೆಗೆ ಜಲಾನಯನ, ಮಣ್ಣಿನ ರಕ್ಷಣೆ, ಕೌಶಲ ತರಬೇತಿಗಳನ್ನೂ ಮಾಡಿದ್ದು ಇದೇ ಕಾರಣಕ್ಕೆ.

ಪ್ರವಾದಿ ಮುಹಮ್ಮದ್(ಸ)ರ ಬಳಿ ಸಹಾಯ ಕೇಳಿ ಬಂದ ಅನ್ಸಾರಿ ವ್ಯಕ್ತಿಯ ಪ್ರಸಂಗ ಹದೀಸ್ ಗ್ರಂಥಗಳಲ್ಲಿ ಬಂದಿದೆ. ಆತನ ಮನೆಯಲ್ಲಿದ್ದ ಒಂದು ಬಟ್ಟೆ ಮತ್ತು ಒಂದು ಬಟ್ಟಲನ್ನು ಹರಾಜು ಹಾಕಿ ಎರಡು ದಿರ್ಹಮ್ ಬಂತು. ಒಂದು ದಿರ್ಹಮ್ ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ. ಹಿಡಿಯನ್ನು ಪ್ರವಾದಿ(ಸ)ರು ತಮ್ಮ ಕೈಯಾರೆ ಹಾಕಿಕೊಟ್ಟರು. ಮೊದಲು ಊಟದ ವ್ಯವಸ್ಥೆ, ನಂತರ ದುಡಿಮೆಯ ಸಾಧನ, ಜೊತೆಗೆ ಹದಿನೈದು ದಿನದ ಗಡುವು. ಬಡತನ ನಿವಾರಣೆಯ ಕ್ರಮ ಈ ಪ್ರಸಂಗದಲ್ಲಿದೆ.

ಬಡ್ಡಿಯ ಪ್ರಶ್ನೆ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಸ್ವಸಹಾಯ ಗುಂಪುಗಳಲ್ಲೂ ಬಡ್ಡಿ ಇದೆ. ಸಾಮಾನ್ಯವಾಗಿ ನೂರಕ್ಕೆ ತಿಂಗಳಿಗೆ ಒಂದೋ ಎರಡೋ ರೂಪಾಯಿ. ಅದು ಹೊರಗೆ ಹೋಗುವುದಿಲ್ಲ, ಗುಂಪಿನ ನಿಧಿಗೇ ಸೇರುತ್ತದೆ ಎಂಬುದು ನಿಜ. ಹಾಗೆಂದು ಅದರ ಹೆಸರು ಬದಲಾಗುವುದಿಲ್ಲ. ಕೊಟ್ಟ ಸಾಲದ ಮೇಲೆ ಕರಾರಿನಂತೆ ಹೆಚ್ಚು ಪಡೆಯುವುದು ಬಡ್ಡಿಯೇ.

ಆದರೆ ಸ್ವಸಹಾಯ ಗುಂಪಿನ ರಚನೆಗೆ ಬಡ್ಡಿ ಅನಿವಾರ್ಯವಲ್ಲ. ಸಭೆ, ಉಳಿತಾಯ, ಸಾಲ, ಮರುಪಾವತಿ, ಲೆಕ್ಕ ಈ ಐದೂ ಬಡ್ಡಿ ಇಲ್ಲದೆ ನಡೆಯಬಲ್ಲವು. 15 ಮಹಿಳೆಯರ ಗುಂಪಿಗೆ ಪುಸ್ತಕ, ಬ್ಯಾಂಕಿಗೆ ಓಡಾಟದ ಖರ್ಚು ವರ್ಷಕ್ಕೆ 600 ರೂಪಾಯಿ ಆದರೆ ಒಬ್ಬೊಬ್ಬರ ಪಾಲಿಗೆ 40 ರೂಪಾಯಿ. ಅದನ್ನು ಸಾಲದ ಮೊತ್ತಕ್ಕೆ ತಕ್ಕಂತೆ ಅಲ್ಲ, ಎಲ್ಲರೂ ಸಮನಾಗಿ ಹಂಚಿಕೊಂಡರೆ ಆಯಿತು. ಆದ ಖರ್ಚನ್ನಷ್ಟೇ ಹೀಗೆ ಪಡೆಯಲು ಅಡ್ಡಿ ಇಲ್ಲ ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ.

ಸಾಧನ ಬೇಕಾದವರಿಗೆ ಇನ್ನೊಂದು ದಾರಿ ಇದೆ. ಗುಂಪು 9,000 ರೂಪಾಯಿಯ ಹೊಲಿಗೆ ಯಂತ್ರವನ್ನು ತಾನೇ ಕೊಂಡು, ತನ್ನ ಸ್ವಾಧೀನಕ್ಕೆ ತೆಗೆದುಕೊಂಡು, ಸದಸ್ಯೆಗೆ 9,900 ರೂಪಾಯಿಗೆ 11 ಕಂತುಗಳಲ್ಲಿ ಮಾರಬಹುದು. ತಿಂಗಳಿಗೆ 900. ಇದು ವ್ಯಾಪಾರ. ಬೆಲೆ ಮೊದಲೇ ನಿಗದಿ. ಕಂತು ತಡವಾದರೂ ಬೆಲೆ ಏರುವುದಿಲ್ಲ. ಕಾಗದದಲ್ಲಿ ಮಾತ್ರ ವ್ಯಾಪಾರ ತೋರಿಸಿ ಕೈಗೆ ಹಣ ಕೊಟ್ಟರೆ ಅದು ಮತ್ತೆ ಸಾಲವೇ ಆಗುತ್ತದೆ ಎಂಬ ಎಚ್ಚರ ಇರಲಿ. ಇಂಥ ಕರಾರು ಮಾಡುವ ಮೊದಲು ವಿಷಯ ಬಲ್ಲ ಆಲಿಮರನ್ನು ಕೇಳುವುದು ಒಳ್ಳೆಯದು.

ಇದು ದೊಡ್ಡ ಪ್ರಮಾಣದಲ್ಲಿ ಸಾಧ್ಯವೇ ಎಂದರೆ ನೆರೆಯ ಪಾಕಿಸ್ತಾನದ ‘ಅಖುವತ್’ ಉದಾಹರಣೆಯಾಗಿದೆ. 2001ರಲ್ಲಿ ಲಾಹೋರಿನಲ್ಲಿ ಅಮ್ಜದ್ ಸಾಕಿಬ್ ಮತ್ತು ಗೆಳೆಯರು 10,000 ರೂಪಾಯಿಯ ಒಂದು ಬಡ್ಡಿರಹಿತ ಸಾಲದಿಂದ ಅದನ್ನು ಆರಂಭಿಸಿದರು. ಸಾಲವನ್ನು ಮಸೀದಿಯಲ್ಲಿ, ಕ್ರೈಸ್ತ ಬಾಂಧವರಿಗೆ ಚರ್ಚಿನಲ್ಲಿ ಕೊಡುವ ಪದ್ಧತಿ ಅಲ್ಲಿದೆ. ಸಾಲ ತೀರಿಸಿದವರೇ ಮುಂದೆ ದಾನಿಗಳಾಗುತ್ತಾರೆ. 2021ರಲ್ಲಿ ಸಾಕಿಬ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ದೇಶದಲ್ಲೂ 2010ರಲ್ಲಿ ದೆಹಲಿಯಲ್ಲಿ ಆರಂಭವಾದ ‘ಸಹೂಲತ್’ ಸಂಸ್ಥೆ ಬಡ್ಡಿರಹಿತ ಸಹಕಾರಿ ಸಂಘಗಳನ್ನು ಕಟ್ಟಲು ಮಾರ್ಗದರ್ಶನ ಮಾಡುತ್ತಿದೆ.

ಈಗಾಗಲೇ ಸಾಲದಲ್ಲಿ ಇರುವವರು

ಆಟೋ ಯುವಕನಿಗೆ ಇಮಾಮರು ಕೊಟ್ಟ ಉತ್ತರವನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತೇವೆ.

ಮೊದಲನೆಯದು, ಬಡ್ಡಿ ಹರಾಮ್ ಎಂಬ ಕಾರಣ ಹೇಳಿ ಅಸಲನ್ನೂ ಮುಳುಗಿಸಲು ಯಾರಿಗೂ ಅನುಮತಿ ಇಲ್ಲ. ಪಡೆದ ಹಣ ಇನ್ನೊಬ್ಬರ ಹಕ್ಕು. ನೀವು ಕಟ್ಟದಿದ್ದರೆ ಅದೇ ಗುಂಪಿನ ಬಡ ನೆರೆಯವಳು ಕಟ್ಟಬೇಕಾಗುತ್ತದೆ ಎಂಬುದೂ ನೆನಪಿರಲಿ. ಸಾಲ ಉಳಿಸಿ ತೀರಿಕೊಂಡ ವ್ಯಕ್ತಿಯ ಜನಾಝಾ ನಮಾಝ್ ನಿರ್ವಹಿಸಲು ಪ್ರವಾದಿ(ಸ)ರು ಮುಂದಾಗಲಿಲ್ಲ. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಿರ್ವಹಿಸಿದರು.

ಎರಡನೆಯದು, ಹಳೆಯ ಸಾಲ ತೀರಿಸಲು ಹೊಸ ಸಾಲ ತೆಗೆಯುವುದನ್ನು ಇಂದೇ ನಿಲ್ಲಿಸಿ. ಮನೆಯ ಎಲ್ಲ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಂದ, ಎಷ್ಟು, ಇನ್ನೆಷ್ಟು ಕಂತು. ಅಮ್ಮಿಗೆ ಗೊತ್ತಿರುವುದು ಮಗನಿಗೆ ಗೊತ್ತಿಲ್ಲ, ಮಗ ತೆಗೆದದ್ದು ಹೆಂಡತಿಗೆ ಗೊತ್ತಿಲ್ಲ ಎಂಬ ಸ್ಥಿತಿ ಹೋಗಬೇಕು. ನಂತರ ಸಾಲ ಕೊಟ್ಟವರ ಕಚೇರಿಗೆ ಹೋಗಿ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಲು ಲಿಖಿತವಾಗಿ ಕೇಳಿ. ಕೈಗೆ ಹಣ ಬಂದಾಗ ಮುಂಚಿತವಾಗಿ ತೀರಿಸಿ. ಮೈಕ್ರೋಫೈನಾನ್ಸ್ ಸಾಲಕ್ಕೆ ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ.

ಮೂರನೆಯದು, ನಿಮ್ಮ ಹಕ್ಕು ತಿಳಿದಿರಲಿ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲ ಎಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಒತ್ತೆ ಇಲ್ಲದೆ ಕೊಡುವ ಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಬಡ್ಡಿ ಮತ್ತು ಎಲ್ಲ ಶುಲ್ಕಗಳ ವಿವರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವುದು, ಫೋನ್ ಮಾಡುವುದು, ಬೈಯುವುದು, ಬಂಧುಗಳನ್ನು ಕಾಡುವುದು ನಿಷಿದ್ಧ. ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಿರುಕುಳ ಆದರೆ ಪೊಲೀಸ್ ಠಾಣೆಗೆ, ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಡಿ. ಆದರೆ ಇದರಿಂದ ಎಲ್ಲರ ಸಾಲವೂ ಮನ್ನಾ ಆಯಿತು ಎಂದು ಹಬ್ಬಿರುವ ಮಾತು ಸುಳ್ಳು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿರುವ ಸಂಸ್ಥೆಗಳ ಸಾಲವನ್ನು ತೀರಿಸಲೇಬೇಕು.

ಜಮಾಅತ್ ಮಾಡಬಹುದಾದದ್ದು

ಜನಾಝಾದ ಪ್ರಸಂಗಕ್ಕೆ ಒಂದು ಮುಂದುವರಿಕೆ ಇದೆ. ನಾವು ಅದನ್ನು ಖುತ್ಬಾಗಳಲ್ಲಿ ಕಡಿಮೆ ಕೇಳುತ್ತೇವೆ. ಅಲ್ಲಾಹನು ವಿಜಯಗಳನ್ನು ಕರುಣಿಸಿ ಬೈತುಲ್‌ಮಾಲ್‌ಗೆ ಸಂಪತ್ತು ಬಂದ ಮೇಲೆ, ಸಾಲ ಉಳಿಸಿ ತೀರಿಕೊಂಡ ವಿಶ್ವಾಸಿಯ ಸಾಲದ ಹೊಣೆಯನ್ನು ಪ್ರವಾದಿ(ಸ)ರು ತಾವೇ ವಹಿಸಿಕೊಂಡರು. ಸಾಲಗಾರನಿಗೆ ಸಾಲದ ಗಾಂಭೀರ್ಯವನ್ನು ತಿಳಿಸಿದವರೇ, ಸಮುದಾಯಕ್ಕೆ ಅದರ ಹೊಣೆಯನ್ನೂ ತಿಳಿಸಿದರು. ನಾವು ಮೊದಲ ಅರ್ಧವನ್ನು ಬಡವರಿಗೆ ಹೇಳಿ, ಎರಡನೆಯ ಅರ್ಧವನ್ನು ಮರೆತಿದ್ದೇವೆ.

ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರು. ರಮಝಾನಿನಲ್ಲಿ ಸೀರೆ ಮತ್ತು ಕಿಟ್ ಹಂಚುವ ನಮ್ಮ ಎಷ್ಟು ಸಮಿತಿಗಳು ಈ ವರ್ಗವನ್ನು ಹುಡುಕಿವೆ? ಒಂದು ಮೊಹಲ್ಲಾದ ಝಕಾತಿನ ಒಂದು ಪಾಲಿನಿಂದ ಪ್ರತಿ ವರ್ಷ ಐದು ಮನೆಗಳನ್ನು ಸಾಲಮುಕ್ತ ಮಾಡಿದರೂ ಹತ್ತು ವರ್ಷಕ್ಕೆ ಐವತ್ತು ಮನೆ. ತೀರಿಸಲು ಶಕ್ತಿ ಇರುವವರಿಗೆ ಸದಕಾದ ಹಣದಿಂದ ‘ಕರ್ಝೆ ಹಸನಾ’ ನಿಧಿ ಇಡಬಹುದು. ಝಕಾತಿನ ಹಣವನ್ನು ಸಾಲವಾಗಿ ಕೊಡುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರುವುದರಿಂದ ಎರಡೂ ಲೆಕ್ಕ ಬೇರೆ ಇರಲಿ.

ಮೊಹಲ್ಲಾದ ಮಹಿಳೆಯರು ತಮಗೆ ನಂಬಿಕೆ ಇರುವ ಹತ್ತು ಹದಿನೈದು ಮಂದಿಯೊಂದಿಗೆ ಬಡ್ಡಿರಹಿತ ಉಳಿತಾಯ ಗುಂಪು ಆರಂಭಿಸಲಿ. ಗುಂಪನ್ನು ಅವರೇ ಕಟ್ಟಿಕೊಳ್ಳಲಿ, ಲೆಕ್ಕವನ್ನು ಅವರೇ ಬರೆಯಲಿ. ಮಸೀದಿ ಸಮಿತಿ ಜಾಗ ಕೊಡಲಿ, ಅಧ್ಯಕ್ಷಗಿರಿ ಬೇಡ. ದೊಡ್ಡವರ ಕೈಗೆ ಹೋದ ಸಂಘ ಏನಾಗುತ್ತದೆ ಎಂದು ಮೈರಾಡದ ಮೊದಲ ಸಹಕಾರ ಸಂಘಗಳು ತೋರಿಸಿವೆ. ನೆರೆಯ ಬೇರೆ ಧರ್ಮದ ಸಹೋದರಿಯರು ಸೇರಲು ಬಯಸಿದರೆ ಸ್ವಾಗತಿಸಿ. ಕಸುಬಿಗೆ ನೆರವು ಬೇಕಾದವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ಯೋಜನೆಗಳನ್ನು ವಿಚಾರಿಸಲಿ.

ಆ ಯುವಕ ಮುಂದಿನ ಜುಮಾಕ್ಕೆ ಒಂದು ಹಾಳೆ ತಂದಿದ್ದ. ಅದರಲ್ಲಿ ಮೂರು ಸಾಲಗಳ ಲೆಕ್ಕವಿತ್ತು. ಮೂರೂ ಕಂಪನಿಗಳದೇ, ಒಂದೂ ಅವರ ಸ್ವಂತ ಸಂಘದ್ದಲ್ಲ. ಸಮಿತಿಯವರು ಅದರಲ್ಲಿ ಚಿಕ್ಕದೊಂದನ್ನು ತೀರಿಸಲು ಒಪ್ಪಿದರು. ಉಳಿದ ಎರಡನ್ನು ಆತ ದುಡಿದು ಕಟ್ಟುತ್ತಿದ್ದಾನೆ. ಹೊಸ ಸಾಲ ತೆಗೆದಿಲ್ಲ.

ಪ್ರವಾದಿ(ಸ)ರು ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ನಾವೂ ಬೇಡೋಣ. ಜೊತೆಗೆ ನಮ್ಮ ಪಕ್ಕದ ಸಾಲಿನಲ್ಲಿ ನಿಂತವನ ಮನೆಯಲ್ಲಿ ಎಷ್ಟು ಕಂತು ಬಾಕಿ ಇದೆ ಎಂದು ಒಮ್ಮೆ ಕೇಳೋಣ. ಅಲ್ಲಾಹನು ನಮ್ಮೆಲ್ಲರ ಸಾಲದ ಹೊರೆಯನ್ನು ಇಳಿಸಲಿ, ಹಲಾಲ್ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.